ಹದಿನಾಲ್ಕು ಟಿಕೆಟ್ ಬಾಕಿ

ಎದೆ ಹಿಡಿದುಕೊಂಡಾಗ ನನಗೆ ದೇವರೂ ನೆನಪಾಗಲಿಲ್ಲ, ಗಂಡನೂ ನೆನಪಾಗಲಿಲ್ಲ. ಸುಮನಹಳ್ಳಿ ಬರುವುದರೊಳಗೆ ಸ್ಟೇಜ್ ಕ್ಲೋಸ್ ಮಾಡಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ನಾನು ಸಿಟಿ ಬಸ್ಸಿನ ಕಂಡಕ್ಟರ್. ಸ್ಟೇಜ್ ಕ್ಲೋಸ್ ಅಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ದಡ್ಡತನ ಏನು ಅಂತ ಗೊತ್ತಾಗುವುದಿಲ್ಲ. ಬಸ್ಸು ಓಡುವ ದಾರಿಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ಸ್ಟೇಜ್ ಅನ್ನುತ್ತಾರೆ. ಒಂದು ಸ್ಟೇಜಿನಲ್ಲಿ ಹತ್ತಿದವರಿಗೆಲ್ಲ ಮುಂದಿನ ಸ್ಟೇಜ್ ಬರುವುದರೊಳಗೆ ಟಿಕೆಟ್ ಕೊಟ್ಟು ಮುಗಿಸಿ, ಕೈಯಲ್ಲಿರುವ ಟಿಕೆಟ್ ಮೆಷಿನ್ನಿನಲ್ಲಿ ಆ ಸ್ಟೇಜನ್ನು ಮುಚ್ಚಬೇಕು. ಅಷ್ಟರಲ್ಲಿ ಚೆಕಿಂಗ್‌ನವರು ಹತ್ತಿ, ಒಬ್ಬರ ಕೈಯಲ್ಲಿ ಟಿಕೆಟ್ ಇಲ್ಲದಿದ್ದರೂ ಮೆಮೊ ಬರುವುದು ಕಂಡಕ್ಟರಿಗೆ. ಹೆಂಗಸರಿಗೆ ಫ್ರೀ ಆದಮೇಲೆ ನಮ್ಮ ಕೆಲಸ ಹಗುರವಾಯಿತು ಅಂದುಕೊಂಡವರಿದ್ದಾರೆ. ದುಡ್ಡು ಫ್ರೀ ಸ್ವಾಮಿ, ಟಿಕೆಟ್ ಫ್ರೀ ಅಲ್ಲ. ಸೊನ್ನೆ ಟಿಕೆಟ್ಟನ್ನೂ ಒಬ್ಬೊಬ್ಬರಿಗೂ ಕೇಳಿ, ಒತ್ತಿ, ಹರಿದು ಕೈಗೆ ಕೊಡಬೇಕು. ಬೆಳಗ್ಗೆ ಎಂಟೂವರೆಗೆ ಹೇರೋಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಹೊರಟ ಬಸ್ಸಿನಲ್ಲಿ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ಹೋಗುವುದು ಎಂದರೆ ಇಡ್ಲಿ ಹಿಟ್ಟಿನೊಳಗೆ ನಡೆದ ಹಾಗೆ.

ಹಿಂದಿನ ಎರಡು ವಾರದಿಂದಲೇ ನನಗೆ ಎಡಗೈ ಎಳೆಯುತ್ತಿತ್ತು. ಅದಕ್ಕೆ ನನ್ನ ಬಳಿ ಉತ್ತರ ಸಿದ್ಧವಾಗಿತ್ತು: ಮೆಷಿನ್ ಹಿಡಿಯುವುದು ಎಡಗೈಯಲ್ಲಿ, ಬ್ಯಾಗು ನೇತಾಡುವುದು ಎಡಭುಜದಲ್ಲಿ, ಎಳೆಯದೆ ಏನು ಮಾಡುತ್ತದೆ? ದವಡೆ ನೋಯುತ್ತಿತ್ತು. ದಿನಕ್ಕೆ ಇನ್ನೂರು ಸಲ ‘ರೈಟ್ ರೈಟ್’ ಅಂತ ಕಿರುಚಿದರೆ ದವಡೆ ನೋಯುತ್ತದೆ. ಬೆವರು ಬರುತ್ತಿತ್ತು. ಬೇಸಿಗೆ. ಉಸಿರು ಕಟ್ಟುತ್ತಿತ್ತು. ರಶ್ಶು. ಎದೆಯಲ್ಲಿ ಉರಿಯುತ್ತಿತ್ತು. ಬೆಳಗಿನ ಪಾಳಿಯ ಕಂಡಕ್ಟರ್‌ಗಳಲ್ಲಿ ಯಾರಿಗೆ ಎದೆ ಉರಿಯುವುದಿಲ್ಲ ಹೇಳಿ? ತಿಂಡಿಗೆ ಹೊತ್ತಿಲ್ಲ, ಹೆಂಗಸರಾದರೆ ನೀರೂ ಕುಡಿಯುವುದಿಲ್ಲ, ಯಾಕೆಂದರೆ ಕುಡಿದರೆ ಎಲ್ಲಿ ಹೋಗುವುದು ಅನ್ನುವುದು ಇನ್ನೊಂದು ಚಿಂತೆ. ಮೈಯ ಒಂದೊಂದು ನೋವಿಗೂ ಡ್ಯೂಟಿಯಲ್ಲೇ ಕಾರಣ ಸಿಗುತ್ತಿತ್ತು. ಉಳಿದದ್ದಕ್ಕೆಲ್ಲ ‘ಗ್ಯಾಸ್ಟ್ರಿಕ್ಕು’ ಅಂತ ಒಂದು ಹೆಸರಿತ್ತು. ಜೀರಿಗೆ ಸೋಡಾ ಕುಡಿದು ತೇಗು ಬಂದರೆ ನೋಡು ನಾನು ಹೇಳಲಿಲ್ಲವಾ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನಗಾಗ ನಲವತ್ತೆಂಟು. ಬೀಪಿ ಇಲ್ಲ, ಶುಗರ್ ಇಲ್ಲ ಅಂತ ಜಂಬ ಬೇರೆ. ಪರೀಕ್ಷೆ ಮಾಡಿಸಿದ್ದರೆ ತಾನೇ ಇದೆಯೋ ಇಲ್ಲವೋ ಗೊತ್ತಾಗುವುದು.

ಆ ದಿನ ಸೋಮವಾರ. ಸುಂಕದಕಟ್ಟೆಯಲ್ಲಿ ಒಂದೇ ಸಲಕ್ಕೆ ಇಪ್ಪತ್ತೈದು ಮೂವತ್ತು ಜನ ಹತ್ತಿದರು, ಅದರಲ್ಲಿ ಮುಕ್ಕಾಲು ಪಾಲು ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು. ನಾನು ಬಸ್ಸಿನ ನಡುವೆ ಇದ್ದೆ. ಆಗ ಎದೆಯ ನಡುಭಾಗವನ್ನು ಯಾರೋ ಒಳಗಿನಿಂದ ಮುಷ್ಟಿ ಮಾಡಿ ಹಿಡಿದ ಹಾಗಾಯಿತು. ಚುಚ್ಚಲಿಲ್ಲ, ಉರಿಯಲಿಲ್ಲ. ಹಿಡಿಯಿತು, ಬಿಡಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಬ್ಲೌಸು ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತು, ಆದರೆ ಮೈ ತಣ್ಣಗಿತ್ತು. ಬೇಸಿಗೆಯ ಬೆವರು ಹಾಗೆ ತಣ್ಣಗಿರುವುದಿಲ್ಲ ಅನ್ನುವುದು ಆಗಲೂ ತಲೆಗೆ ಬಂತು. ಬಂದು ಹೋಯಿತು.

ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸು ದಿನಾ ಬರುವವಳು, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್. ಮುಖ ನೋಡಿ ಕೇಳಿದಳು.

“ಏನ್ರೀ ಕಂಡಕ್ಟ್ರಮ್ಮ, ಹಿಂಗ್ ಬೆವರ್ತಾ ಇದೀರ? ಕೂತ್ಕೊಳಿ ಬನ್ನಿ.”

“ಗ್ಯಾಸ್ಟ್ರಿಕ್ಕು ಕಣಮ್ಮ. ನೀನು ಟಿಕೆಟ್ ತಗೊಂಡ್ಯಾ?”

“ನನ್ ಟಿಕೆಟ್ ಮನೆ ಹಾಳಾಗ. ಕೂತ್ಕೊಳಿ ಅಂದ್ರೆ!”

ಕೂರಲಿಲ್ಲ. ಹಿಂದೆ ತಿರುಗಿ ಎಣಿಸಿದೆ. ಹದಿನಾಲ್ಕು ಜನಕ್ಕೆ ಟಿಕೆಟ್ ಬಾಕಿ ಇತ್ತು. ಕಿಟಕಿಯಲ್ಲಿ ಕೊಟ್ಟಿಗೆಪಾಳ್ಯದ ನರ್ಸಿಂಗ್ ಹೋಮಿನ ಬೋರ್ಡು ಕಾಣಿಸಿತು. ಹಸಿರು ಬೋರ್ಡು, ಕೆಳಗೆ ‘ಇಪ್ಪತ್ನಾಲ್ಕು ಗಂಟೆ’ ಅಂತ ಬರೆದಿತ್ತು. ಇಳಿದರೆ ಇಪ್ಪತ್ತು ಹೆಜ್ಜೆ. ಇಳಿಯಬೇಕು ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಹದಿನಾಲ್ಕು ಜನರನ್ನು ಟಿಕೆಟ್ಟಿಲ್ಲದೆ ಬಿಟ್ಟು ಇಳಿಯುವುದಾ, ಇದೊಂದು ಸ್ಟೇಜ್ ಮುಗಿಸಿ ನೋಡೋಣ ಅಂದುಕೊಂಡೆ. ಮೆಷಿನ್ ಒತ್ತಿದೆ. ಟಿಕೆಟ್ ಹರಿದೆ. ಬೋರ್ಡು ಹಿಂದೆ ಹೋಯಿತು.

ಹನ್ನೊಂದನೆಯ ಟಿಕೆಟ್ಟಿನ ಹೊತ್ತಿಗೆ ಮೆಷಿನ್ನಿನ ಅಕ್ಷರ ಕಾಣುವುದು ನಿಂತಿತು. ಬೆರಳಿಗೆ ಗುಂಡಿಗಳು ಗೊತ್ತು, ಆ ಅಭ್ಯಾಸದಲ್ಲೇ ಉಳಿದ ಮೂರು ಕೊಟ್ಟೆ. ಸ್ಟೇಜ್ ಕ್ಲೋಸ್ ಮಾಡಿದೆ. ಅಷ್ಟರಲ್ಲಿ ಬಸ್ಸು ಸುಮನಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಅಲ್ಲಿ ಎಷ್ಟು ಹೊತ್ತು ನಿಂತೆವೋ, ಆಮೇಲೆ ಡ್ರೈವರ್ ಹೇಳಿದ ಪ್ರಕಾರ ಕಾಲು ಗಂಟೆಗೂ ಮೇಲೆ. ಕಾಮಾಕ್ಷಿಪಾಳ್ಯ ದಾಟಿದ್ದು ನನಗೆ ನೆನಪಿಲ್ಲ. ಟೈಲರ್ ಹೆಂಗಸು ಅಲ್ಲಿ ಇಳಿಯಬೇಕಾದವಳು, ಇಳಿದಿರಲಿಲ್ಲ. ನನ್ನ ಸೊಂಟ ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಅವತ್ತು ಹಾಫ್ ಡೇ ಕಟ್ಟಾಗಿರಬೇಕು.

ಹೌಸಿಂಗ್ ಬೋರ್ಡ್ ಹತ್ತಿರ ಎಡಗಡೆ ಇನ್ನೊಂದು ಆಸ್ಪತ್ರೆ ಇದೆ. ಅದರ ಗೇಟಿನ ಎದುರು ಸ್ಟಾಪ್ ಇಲ್ಲ. ಬಸ್ಸಿನಲ್ಲಿ ಎರಡು ಮಾತು ನನ್ನದು. ‘ರೈಟ್’ ಅಂದರೆ ಹೊರಡಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಿಸಬೇಕು. ಇಷ್ಟು ವರ್ಷದಲ್ಲಿ ಸಾವಿರಾರು ಜನರಿಗೋಸ್ಕರ ಹೋಲ್ಡಾನ್ ಅಂದಿದ್ದೇನೆ. ಚಪ್ಪಲಿ ಬಿದ್ದ ಮಗುವಿಗೆ, ಮರೆತು ನಿದ್ದೆ ಹೋದ ಮುದುಕನಿಗೆ, ಪರ್ಸ್ ಕಳೆದುಕೊಂಡವಳಿಗೆ. ನನಗೋಸ್ಕರ ಒಂದು ಸಲವೂ ಅಂದಿರಲಿಲ್ಲ, ಬಾತ್‌ರೂಮಿಗೆ ಅರ್ಜೆಂಟ್ ಆದಾಗ ಕೂಡ.

“ಹೋಲ್ಡಾನ್!” ಅಂದೆ. ಧ್ವನಿ ಬರಲಿಲ್ಲ. ಟೈಲರ್ ಹೆಂಗಸು ನನ್ನ ಬಾಯಿ ನೋಡಿ ಬಸ್ಸೆಲ್ಲ ಕೇಳುವ ಹಾಗೆ ಕೂಗಿದಳು. “ಹೋಲ್ಡಾನ್! ಹೋಲ್ಡಾನ್!”

ಡ್ರೈವರ್ ಮಾಗಡಿ ಕಡೆಯವನು, ನಾಲ್ಕು ವರ್ಷದಿಂದ ನನ್ನ ಜೊತೆ ಅದೇ ರೂಟಿನಲ್ಲಿದ್ದವನು. ವಯಸ್ಸಿನಲ್ಲಿ ಚಿಕ್ಕವನು. ನಾನು ಅವನಿಗೆ ಅಣ್ಣ ಅನ್ನುತ್ತೇನೆ, ಅವನು ನನಗೆ ಅಕ್ಕ ಅನ್ನುತ್ತಾನೆ. ಕನ್ನಡಿಯಲ್ಲಿ ನೋಡಿ ರೇಗಿದ.

“ಯಾರ್ರೀ ಅದು, ಇಲ್ಲಿ ಸ್ಟಾಪಿಲ್ಲ!”

“ನಾನು ಇಳೀಬೇಕಣ್ಣ,” ಅಂದೆ.

ಅವನಿಗೆ ಕೇಳಿಸಿತೋ ಇಲ್ಲವೋ, ಮುಖವಂತೂ ಕಂಡಿತು. ಅಷ್ಟು ಉದ್ದದ ಬಸ್ಸನ್ನು ಎಡಕ್ಕೆ ತಿರುಗಿಸಿ ಆಸ್ಪತ್ರೆಯ ಗೇಟಿನೊಳಗೆ ಮೂತಿ ತೂರಿಸಿಬಿಟ್ಟ. ಸೆಕ್ಯೂರಿಟಿಯವನು ಶಿಳ್ಳೆ ಊದಿದ. ಹಿಂದಿನ ಸೀಟಿನಿಂದ ಒಬ್ಬರು “ಆಫೀಸಿಗೆ ಲೇಟಾಗ್ತಿದೆ ಸಾರ್, ಏನಿದು?” ಅಂದರು. ಇನ್ನೊಬ್ಬರು “ಸುಮ್ನಿರಯ್ಯಾ, ಅವರಿಗೆ ಏನೋ ಆಗಿದೆ” ಅಂದರು. ಇಬ್ಬರದೂ ಸರಿಯೇ. ಬೇರೆ ಯಾರಿಗಾದರೂ ಹಾಗಾಗಿದ್ದರೆ ನಾನೂ ಮೊದಲು ವಾಚ್ ನೋಡುತ್ತಿದ್ದೆನೇನೋ.

ಒಳಗೆ ಮಂಚದ ಮೇಲೆ ಮಲಗಿಸಿದರು. ನರ್ಸು ಬ್ಯಾಗಿಗೆ ಕೈ ಹಾಕಿದಳು. ನಾನು ಬಿಡಲಿಲ್ಲ. ಮೆಷಿನ್ನು, ಬ್ಯಾಗು ಎರಡನ್ನೂ ಸಹಿ ಇಲ್ಲದೆ ಯಾರ ಕೈಗೂ ಕೊಡಬಾರದು ಅನ್ನುವುದು ನಮ್ಮಲ್ಲಿ ಮೊದಲ ಪಾಠ.

“ಸೈನ್ ಹಾಕಿ ತಗೊಳಿ,” ಅಂದೆ.

“ಅಮ್ಮಾ, ಇಸಿಜಿ ಮಾಡ್ಬೇಕು. ಬ್ಯಾಗ್ ತೆಗೀರಿ.”

“ಸೈನ್ ಹಾಕಿ.”

ಡ್ರೈವರ್ ಗದರಿದ. “ಅಕ್ಕಾ, ನಿಮ್ ದಮ್ಮಯ್ಯ ಅಂತೀನಿ, ಬಿಡಿ! ನಾನಿದೀನಲ್ವಾ?” ಅಂತ ಜೇಬಿನಿಂದ ಪೆನ್ನು ತೆಗೆದು ಲಾಗ್‌ಶೀಟಿನ ಹಿಂದೆ ಸಹಿ ಹಾಕಿ ನನ್ನ ಕಣ್ಣಿನೆದುರು ಹಿಡಿದ. ಆಗ ಬಿಟ್ಟೆ. ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ನರ್ಸಿನ ಮುಖದಲ್ಲಿ ನಗು ಇರಲಿಲ್ಲ. ಎದೆಗೆ ಬಿಲ್ಲೆಗಳನ್ನು ಅಂಟಿಸಿ ಕಾಗದ ಹೊರಗೆ ಬಂದ ತಕ್ಷಣ ಅವಳು ಓಡಿದಳು.

ಡ್ಯೂಟಿ ಡಾಕ್ಟರ್ ಬಂದು ಕಾಗದ ನೋಡಿ ಕೇಳಿದರು. “ನೋವು ಯಾವಾಗ ಶುರುವಾಯ್ತಮ್ಮಾ?”

“ಸುಂಕದಕಟ್ಟೇಲಿ.”

“ಎಲ್ಲಿ ಅಲ್ಲ, ಯಾವಾಗ?”

ನನಗೆ ಗಂಟೆ ಗೊತ್ತಿರಲಿಲ್ಲ. ನಮ್ಮ ಹೊತ್ತು ಊರಿನ ಹೆಸರಿನಲ್ಲಿ ಇರುತ್ತದೆ. ಡ್ರೈವರ್ ಲೆಕ್ಕ ಹಾಕಿ ಎಂಟೂ ಐವತ್ತು ಅಂದ. ಆಗ ಒಂಬತ್ತೂವರೆ ದಾಟಿತ್ತು.

“ಗ್ಯಾಸ್ಟ್ರಿಕ್ ಅಲ್ವಾ ಡಾಕ್ಟ್ರೇ?”

“ಅಲ್ಲಮ್ಮ. ಹಾರ್ಟ್ ಅಟ್ಯಾಕ್ ಆಗ್ತಾ ಇದೆ. ಈ ಮಾತ್ರೆಗಳನ್ನ ಅಗಿದು ನುಂಗಿ.”

‘ಆಗಿದೆ’ ಅನ್ನಲಿಲ್ಲ, ‘ಆಗ್ತಾ ಇದೆ’ ಅಂದರು. ಅದೊಂದು ಮಾತು ಕಿವಿಯಲ್ಲಿ ಉಳಿದುಕೊಂಡಿದೆ. ನಾನು ಅಟ್ಯಾಕ್ ಅಂದರೆ ಸಿಡಿಲು ಹೊಡೆದ ಹಾಗೆ, ಹೊಡೆದು ಮುಗಿಯುತ್ತದೆ ಅಂದುಕೊಂಡಿದ್ದೆ. ಅದು ಮುಕ್ಕಾಲು ಗಂಟೆಯಿಂದ ನನ್ನ ಜೊತೆ ಟಿಕೆಟ್ ಕೊಡುತ್ತಾ ಬಂದಿತ್ತು.

ಅಲ್ಲಿ ಸ್ಟೆಂಟ್ ಹಾಕುವ ವ್ಯವಸ್ಥೆ ಇರಲಿಲ್ಲ. ಆಂಬುಲೆನ್ಸಿನಲ್ಲಿ ರಾಜಾಜಿನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಲಗೈ ಮಣಿಕಟ್ಟಿನ ಹತ್ತಿರ ಸೂಜಿ ಚುಚ್ಚಿ, ಅಲ್ಲಿಂದ ಸಣ್ಣ ಕೊಳವೆಯೊಂದನ್ನು ಹೃದಯದವರೆಗೂ ತೂರಿಸಿದರು. ಎಚ್ಚರವಾಗಿಯೇ ಇದ್ದೆ. ಪಕ್ಕದ ಪರದೆಯಲ್ಲಿ ನನ್ನ ರಕ್ತನಾಳಗಳು ಕಪ್ಪಗೆ, ರೂಟ್ ಮ್ಯಾಪಿನ ಹಾಗೆ ಕಾಣುತ್ತಿದ್ದವು. ಒಂದು ದೊಡ್ಡ ದಾರಿ ನಡುವೆಯೇ ನಿಂತುಹೋಗಿತ್ತು, ಮುಂದೆ ಬರೀ ಬಿಳುಪು. ಒಂದಿಷ್ಟು ಹೊತ್ತಾದ ಮೇಲೆ ಆ ಬಿಳುಪಿನೊಳಗೆ ಕಪ್ಪು ಹರಿಯಿತು. ಎದೆಯ ಮುಷ್ಟಿ ಬಿಟ್ಟಿತು. ಅಯ್ಯಪ್ಪಾ, ಅಂಥ ಸುಖವನ್ನು ನಾನು ಜೀವನದಲ್ಲಿ ಕಂಡಿರಲಿಲ್ಲ.

ಗಂಡ ಕಾಮಾಕ್ಷಿಪಾಳ್ಯದ ಪೌಡರ್ ಕೋಟಿಂಗ್ ಶಾಪಿನಿಂದ ಕೈಯ ಬಣ್ಣವನ್ನೂ ತೊಳೆಯದೆ ಬಂದಿದ್ದರು. ಐಸಿಯುನ ಬಾಗಿಲಲ್ಲಿ ನಿಂತು “ಏನೇ ಇದು” ಅಂದರು, ಅಷ್ಟೇ. ಅವರು ಮಾತು ಕಮ್ಮಿ. ನಮ್ಮಿಬ್ಬರಲ್ಲಿ ಮಾತಿನ ಕೋಟಾ ನನ್ನದು.

ಮಾರನೆಯ ದಿನ ಹೃದಯದ ಡಾಕ್ಟರಮ್ಮ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. ಗಟ್ಟಿ ಹೆಂಗಸು, ಮುಚ್ಚಿಡುವ ಜಾತಿಯಲ್ಲ. ಕಾಗದದ ಮೇಲೆ ಹೃದಯದ ಚಿತ್ರ ಬರೆದು ಒಂದು ಮೂಲೆಗೆ ಗೆರೆ ಎಳೆದರು.

“ಈ ಭಾಗ ಸರಿಯಾಗಿ ಕುಗ್ತಾ ಇಲ್ಲ. ರಕ್ತ ಸಿಗದೆ ಸ್ವಲ್ಪ ಸತ್ತಿದೆ. ಕೆಲವು ತಿಂಗಳಲ್ಲಿ ಒಂದಿಷ್ಟು ವಾಪಸ್ ಬರ್ಬೋದು, ಪೂರ್ತಿ ಬರಲ್ಲ.”

ನಾನು ಕೊಟ್ಟಿಗೆಪಾಳ್ಯದ ಬೋರ್ಡಿನ ವಿಷಯ ಹೇಳಿದೆ. “ಅಲ್ಲೇ ಇಳಿದಿದ್ರೆ ಇದು ಉಳೀತಿತ್ತಾ ಮೇಡಂ?”

“ಎಷ್ಟು ಅಂತ ಹೇಳೋಕಾಗಲ್ಲ. ಸ್ವಲ್ಪ ಉಳೀತಿತ್ತು. ಎರಡು ವಾರದ ಹಿಂದೆ ಕೈ ನೋವು ಅಂದಾಗಲೇ ಬಂದಿದ್ರೆ ಇನ್ನೂ ಉಳೀತಿತ್ತು. ಯಾಕೆ ಇಳೀಲಿಲ್ಲ?”

“ಹದಿನಾಲ್ಕು ಟಿಕೆಟ್ ಬಾಕಿ ಇತ್ತು.”

ಅವರು ಪೆನ್ನಿನ ಕ್ಯಾಪ್ ಹಾಕಿ ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಪಕ್ಕದ ಮಂಚಕ್ಕೆ ಹೋದರು.

“ನಾನು ಮತ್ತೆ ಬಸ್ ಹತ್ಬೋದಾ?” ಅಂತ ಕೂಗಿ ಕೇಳಿದೆ.

“ಮೂರು ತಿಂಗಳು ಬಿಟ್ಟು ಕೇಳಿ.”

ಅಲ್ಲಿಂದ ಮುಂದಿನ ಮೂರು ತಿಂಗಳು ನನಗೆ ಇದ್ದದ್ದು ಅದೊಂದೇ ಪ್ರಶ್ನೆ. ಜೀವ ಉಳಿಯಿತು ಅನ್ನುವ ಸಂತೋಷ ಒಂದು ವಾರಕ್ಕೆ ಹಳತಾಯಿತು. ಲೈನಿಗೆ, ಅಂದರೆ ಬಸ್ಸಿನ ಮೇಲಿನ ಡ್ಯೂಟಿಗೆ, ವಾಪಸ್ ಹೋಗುತ್ತೇನಾ ಇಲ್ಲವಾ ಅನ್ನುವುದು ಮಾತ್ರ ದಿನಾ ಹೊಸದಾಗಿ ಏಳುತ್ತಿತ್ತು. ಹೋಗದಿದ್ದರೆ ಲೈಟ್ ಡ್ಯೂಟಿ ಕೊಡುತ್ತಾರೆ: ಡಿಪೋದ ಜಾಲರಿಯ ಹಿಂದೆ ಕೂತು ಹೋಗುವವರಿಗೆ ಮೆಷಿನ್ ಕೊಡುವುದು, ಬಂದವರಿಂದ ತೆಗೆದುಕೊಳ್ಳುವುದು. ಸಂಬಳ ಬರುತ್ತದೆ, ಬಿಸಿಲಿಲ್ಲ, ತಳ್ಳಾಟವಿಲ್ಲ, ಬಾತ್‌ರೂಮ್ ಪಕ್ಕದಲ್ಲೇ. ಎಲ್ಲರೂ ಅದನ್ನೇ ಪುಣ್ಯ ಅಂದರು. ನನಗೆ ಬೇಕಿರಲಿಲ್ಲ. ಯಾಕೆ ಅಂತ ಬಿಚ್ಚಿ ಹೇಳಿಬಿಡುತ್ತೇನೆ. ಮನೆಯಲ್ಲಿ ನಾನು ಅನ್ನ ಬಡಿಸುವವಳು, ಬೀದಿಯಲ್ಲಿ ಇಂಥವರ ಹೆಂಡತಿ. ಬಸ್ಸಿನಲ್ಲಿ ಎಪ್ಪತ್ತು ಜನ ನನ್ನ ಒಂದು ಮಾತಿಗೆ ಮುಂದೆ ಸರಿಯುತ್ತಾರೆ. ಬೈಯುತ್ತೇನೆ, ಬೈಸಿಕೊಳ್ಳುತ್ತೇನೆ, ಯಾರ ಮಗಳಿಗೆ ಪರೀಕ್ಷೆ, ಯಾರ ಗಂಡ ಮನೆಬಿಟ್ಟು ಹೋದ ಅಂತ ಎಲ್ಲವೂ ನನಗೆ ಗೊತ್ತಿರುತ್ತದೆ. ನಾನು ಯಾರು ಅಂತ ನನಗೆ ಗೊತ್ತಿರುವುದು ಆ ಎರಡು ಬಾಗಿಲುಗಳ ನಡುವೆ.

ಹಾಗಾಗಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಪರೀಕ್ಷೆಗೆ ಓದುವವಳ ಹಾಗೆ ಮಾಡಿದೆ. ಮಾತ್ರೆಗಳನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆಯ ಡಬ್ಬಿಗಳಲ್ಲಿ ಹಾಕಿಟ್ಟೆ. ಉಪ್ಪಿನಕಾಯಿ ಭರಣಿಯನ್ನು ಪಕ್ಕದ ಮನೆಗೆ ದಾನ ಮಾಡಿದೆ. ಮೊದಲ ವಾರ ಮನೆಯೊಳಗೆ ಐದು ನಿಮಿಷ ನಡಿಗೆ, ಆಮೇಲೆ ಹತ್ತು, ಆಮೇಲೆ ಹದಿನೈದು. ಹೇರೋಹಳ್ಳಿಯ ನಮ್ಮ ರಸ್ತೆಯನ್ನು ಪೈಪಿಗೆ ಅಗೆದು ಹಾಗೇ ಬಿಟ್ಟಿದ್ದರು. ಅಲ್ಲಿ ನಡೆದರೆ ಹೃದಯ ಉಳಿದು ಕಾಲು ಮುರಿಯುತ್ತದೆ ಅಂತ ಟೆರೇಸಿನ ಮೇಲೆ ನಡೆದೆ. ಒಣಗಲು ಹಾಕಿದ ಬಟ್ಟೆಗಳ ನಡುವೆ ಬಗ್ಗಿ ಬಗ್ಗಿ, ನೀರಿನ ಟ್ಯಾಂಕಿನಿಂದ ಮೆಟ್ಟಿಲಿನವರೆಗೆ. ಗಂಡ ಕೆಲಸಕ್ಕೆ ಹೋಗುವ ಮುಂಚೆ ಬಂದು ಗೋಡೆಗೆ ಒರಗಿ ನೋಡುತ್ತಿದ್ದರು. ಯಾರಿಗೆ ಯಾವ ಡ್ಯೂಟಿ ಅಂತ ಕೊನೆಗೆ ಬರೆಯುವವರು ನಮ್ಮ ಸಂಸ್ಥೆಯ ಮೆಡಿಕಲ್ ಆಫೀಸರ್. ಡಿಪೋದ ಗೆಳತಿಯರು ಫೋನ್ ಮಾಡಿ ಉಪಾಯ ಹೇಳಿಕೊಟ್ಟರು. “ಮೆಡಿಕಲ್ ಆಫೀಸರ್ ಕೇಳಿದ್ರೆ ಏನೂ ತೊಂದ್ರೆ ಇಲ್ಲ ಅಂತ ಹೇಳ್ಬಿಡೇ. ಅವರೇನು ಎದೆ ಕುಯ್ದು ನೋಡ್ತಾರಾ?”

ಮೂರು ತಿಂಗಳಾಯಿತು. ಮತ್ತೆ ಎಕೋ ಆಯಿತು. ಸ್ವಲ್ಪ ಸುಧಾರಿಸಿತ್ತು. ಡಾಕ್ಟರಮ್ಮ ಸರ್ಟಿಫಿಕೇಟಿನಲ್ಲಿ ಕೂತು ಮಾಡುವ ಕೆಲಸ ಮಾಡಬಹುದು, ನಿಂತು ಮಾಡುವ ಕೆಲಸ ತ್ರಾಣವಿದ್ದಷ್ಟು ಅಂತ ಇಂಗ್ಲಿಷಿನಲ್ಲಿ ಬರೆದರು.

“ತ್ರಾಣ ಇದ್ದಷ್ಟು ಅಂದ್ರೆ ಎಷ್ಟು ಮೇಡಂ?”

“ಅದನ್ನ ನಿಮ್ಮ ಮೈ ಹೇಳುತ್ತೆ. ಈ ಸಲ ಅದು ಹೇಳಿದ್ದನ್ನ ಕೇಳಿ. ನೋವು ಬಂದ್ರೆ ತಕ್ಷಣ ಕೂತು ಈ ಮಾತ್ರೆ ನಾಲಿಗೆ ಕೆಳಗಿಡಿ. ಐದು ನಿಮಿಷದಲ್ಲಿ ಹೋಗಲಿಲ್ಲ ಅಂದ್ರೆ ಸೀದಾ ಇಲ್ಲಿಗೆ.”

ಹಾಗಾದರೆ ತೀರ್ಮಾನ ನನ್ನ ಬಾಯಲ್ಲಿತ್ತು. ಮೆಡಿಕಲ್ ಆಫೀಸರ್ ಮುಂದೆ ಹೋಗುವುದಕ್ಕೆ ನಾಲ್ಕು ದಿನ ಇತ್ತು. ಟೆರೇಸಿನ ಮೇಲೆ ಬಸ್ಸು ಅಲ್ಲಾಡುವುದಿಲ್ಲ, ಬ್ರೇಕ್ ಬೀಳುವುದಿಲ್ಲ, ಜನ ಒತ್ತುವುದಿಲ್ಲ. ನಿಜವಾಗಿ ನಿಲ್ಲುತ್ತೇನಾ ಅಂತ ನೋಡಬೇಕಾದರೆ ಬಸ್ಸಿನಲ್ಲೇ ನಿಲ್ಲಬೇಕು. ಗಂಡನಿಗೆ ಹೇಳದೆ, ಚೂಡಿದಾರ ಹಾಕಿಕೊಂಡು, ಮಾತ್ರೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೇರೋಹಳ್ಳಿ ಸ್ಟಾಪಿಗೆ ಹೋದೆ. ಅದೇ ಎಂಟೂವರೆ ಬಸ್ಸು. ಮುಂದಿನ ಬಾಗಿಲಲ್ಲಿ ಹತ್ತಿದೆ.

“ಅಕ್ಕಾ!” ಡ್ರೈವರ್ ಸೀಟಿನಿಂದ ಅರ್ಧ ಎದ್ದ. “ಕೂತ್ಕೊಳಿ ಕೂತ್ಕೊಳಿ. ಏಯ್, ಆ ಸೀಟ್ ಬಿಡಮ್ಮ.”

“ಸುಮ್ನೆ ಗಾಡಿ ಓಡ್ಸಣ್ಣ. ನಾನಿವತ್ತು ಪ್ಯಾಸೆಂಜರ್ರು.”

ನನ್ನ ಜಾಗಕ್ಕೆ ಬಂದಿದ್ದ ಕಂಡಕ್ಟರ್ ರಿಟೈರ್‌ಮೆಂಟ್ ಹತ್ತಿರ ಬಂದ ಮನುಷ್ಯ. ಮುಖ ಕೂಡ ನೋಡದೆ ನನಗೊಂದು ಸೊನ್ನೆ ಟಿಕೆಟ್ ಹರಿದು ಕೊಟ್ಟರು. ಕೈಗೆ ಟಿಕೆಟ್ ಬಂದಾಗ ನಾಚಿಕೆಯಾಯಿತು. ಯಾಕೋ ಗೊತ್ತಿಲ್ಲ, ಯಾರೋ ನನಗೆ ನನ್ನ ಮನೆಯ ಬಾಗಿಲಲ್ಲೇ ವಿಳಾಸ ಹೇಳಿದ ಹಾಗೆ. ಸೀಟು ಖಾಲಿಯಾದರೂ ಕೂರಲಿಲ್ಲ. ಸುಮ್ಮನೆ ನಿಂತರೆ ಲೆಕ್ಕಕ್ಕಿಲ್ಲ ಅಂತ, ಕಂಡಕ್ಟರ್ ನಡೆಯುವ ಹಾಗೆ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಜನರನ್ನು ಬಿಡಿಸಿಕೊಂಡು ಓಡಾಡಿದೆ. “ಆಂಟಿ, ಒಂದ್ ಕಡೆ ನಿಂತ್ಕೊಳ್ರೀ” ಅಂತ ಒಬ್ಬ ಬೈದ. ಇಷ್ಟು ವರ್ಷ ನಾನು ಬೇರೆಯವರಿಗೆ ಹೇಳಿದ ಮಾತು.

ಅಂಜನಾನಗರದ ಕಡೆಯಿಂದ ಬಂದ ವಾಹನಗಳೆಲ್ಲ ಸೇರಿ ರಸ್ತೆ ಗಿಜಿಗುಡುತ್ತಿತ್ತು. ಸುಂಕದಕಟ್ಟೆ ಬಂತು, ಜನ ನುಗ್ಗಿದರು. ಬಸ್ಸು ಎರಡು ಸಲ ಜೋರಾಗಿ ಬ್ರೇಕ್ ಹಾಕಿತು. ಕಂಬ ಹಿಡಿದು ಮೈ ತಡೆದೆ. ಸರಿಯಾಗೇ ಇದ್ದೆ. ಖುಷಿಯಾಯಿತು. ನೋಡಿದ್ರಾ ಮೇಡಂ ಅಂತ ಮನಸ್ಸಿನಲ್ಲೇ ಡಾಕ್ಟರಮ್ಮನಿಗೆ ಸವಾಲು ಹಾಕಿದೆ. ಮೂರನೆಯ ಸಲ ಹಿಂದಿನ ಬಾಗಿಲಿನಿಂದ ಮುಂದಕ್ಕೆ ಬರುತ್ತಿರುವಾಗ ದವಡೆಯ ಕೆಳಗೆ ಎಳೆಯಿತು. ಸ್ವಲ್ಪ. ಆಮೇಲೆ ಎದೆಯಲ್ಲಿ ಅದೇ ಮುಷ್ಟಿ, ಇನ್ನೂ ಪೂರ್ತಿ ಮುಚ್ಚಿರಲಿಲ್ಲ.

ಆಗ ತಲೆಯಲ್ಲಿ ಎರಡು ದನಿ. ಒಂದು, ಇನ್ನೇನು ಕಾಮಾಕ್ಷಿಪಾಳ್ಯ, ಅಲ್ಲಿ ಅರ್ಧ ಬಸ್ಸು ಖಾಲಿಯಾಗುತ್ತದೆ, ಆಗ ಕೂತರಾಯಿತು, ಯಾರಿಗೂ ಗೊತ್ತಾಗುವುದಿಲ್ಲ, ಆಫೀಸರಿಗೆ ‘ಮೆಜೆಸ್ಟಿಕ್‌ವರೆಗೂ ನಿಂತುಕೊಂಡು ಹೋದೆ’ ಅನ್ನಬಹುದು. ಈ ದನಿ ನನ್ನದೇ, ಚೆನ್ನಾಗಿ ಪರಿಚಯವಿತ್ತು. ಇನ್ನೊಂದು ಏನೂ ವಾದ ಮಾಡಲಿಲ್ಲ. ಇಳಿ, ಅಂದಿತು. ಕೊಟ್ಟಿಗೆಪಾಳ್ಯದ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಇಳಿದೆ.

ತಂಗುದಾಣದ ಕಲ್ಲಿನ ಮೇಲೆ ಕೂತು ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟೆ. ತಲೆ ಧಿಂ ಅಂತು. ಫೋನಿನಲ್ಲಿ ಹೊತ್ತು ನೋಡಿಕೊಂಡೆ, ಈ ಸಲ ಗಂಟೆ ಗೊತ್ತಿರಬೇಕು ಅಂತ. ಬಸ್ಸು ಹೊರಡಲಿಲ್ಲ. ಹಿರಿಯ ಕಂಡಕ್ಟರು “ರೈಟ್ ರೈಟ್, ಏನ್ರೀ ನಿದ್ದೆನಾ?” ಅಂತ ಬಾಗಿಲು ಬಡಿಯುತ್ತಿದ್ದರು. ಡ್ರೈವರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನನ್ನನ್ನೇ ನೋಡುತ್ತಿದ್ದ. ಮೂರು ನಿಮಿಷಕ್ಕೆ ಮುಷ್ಟಿ ಸಡಿಲವಾಯಿತು, ನಾಲ್ಕಕ್ಕೆ ಹೋಯಿತು. ಹೋಗು ಅಂತ ಅವನಿಗೆ ಕೈ ಬೀಸಿದೆ. ಬಸ್ಸು ಹೊರಟುಹೋಯಿತು. ಹಿಂದಿನ ಗಾಜಿನಲ್ಲಿ ಜನರ ಬೆನ್ನುಗಳಷ್ಟೇ ಕಂಡವು. ಡ್ಯೂಟಿ ಮೇಲಿದ್ದಿದ್ದರೆ ನಾನು ಇಳಿಯುತ್ತಿದ್ದೆನಾ ಅಂತ ನನ್ನನ್ನೇ ಕೇಳಿಕೊಂಡೆ. ಕೈಯಲ್ಲಿ ಮೆಷಿನ್ ಇದ್ದು, ಟಿಕೆಟ್ ಬಾಕಿ ಇದ್ದು? ಇಲ್ಲ. ಇವತ್ತೂ ಇಳಿಯುತ್ತಿರಲಿಲ್ಲ. ನನ್ನ ಹೃದಯದ ಒಂದು ಮೂಲೆ ಸತ್ತಿರಬಹುದು, ನನ್ನ ಚಾಳಿ ಸತ್ತಿಲ್ಲ. ಅದು ಗೊತ್ತಾದಾಗ ನನಗೆ ನಿಜವಾಗಿ ಭಯವಾಯಿತು.

ಅವತ್ತೇ ಡಾಕ್ಟರಮ್ಮನ ಹತ್ತಿರ ಹೋದೆ. ಇಸಿಜಿ ಮಾಡಿದರು, ಹೊಸದೇನೂ ಆಗಿರಲಿಲ್ಲ. ಒಂದು ಮಾತ್ರೆ ಜಾಸ್ತಿ ಮಾಡಿದರು. “ಯಾರು ಹೇಳಿದ್ರು ನಿಮಗೆ ಇಂಥ ಟೆಸ್ಟ್ ಮಾಡೋಕೆ?” ಅಂತ ಬೈದರು. ಬೈದು ಮುಗಿಸಿ, “ಇಳಿದ್ರಲ್ಲ, ಅಷ್ಟು ಸಾಕು” ಅಂದರು.

ನಾಲ್ಕನೆಯ ದಿನ ಗಂಡ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಮೆಡಿಕಲ್ ಆಫೀಸರ್ ಫೈಲು ತಿರುವಿದರು. ಹಿಂದೆ ಸಾಲಿನಲ್ಲಿ ಇನ್ನೂ ಹತ್ತು ಜನ ಕಾಯುತ್ತಿದ್ದರು. ಸರ್ಟಿಫಿಕೇಟಿನ ಒಂದು ಸಾಲಿನ ಕೆಳಗೆ ಬೆರಳಿಟ್ಟು ತಲೆ ಎತ್ತದೆ ಕೇಳಿದರು.

“ತ್ರಾಣ ಇದ್ದಷ್ಟು ಅಂತ ಬರ್ದಿದಾರೆ. ಲೈನ್ ಡ್ಯೂಟಿ ಮಾಡ್ತೀರಾ? ಎಂಟು ಗಂಟೆ ನಿಲ್ತೀರಾ?”

ಪೆನ್ನು ಸಿದ್ಧವಾಗಿತ್ತು. ‘ಹೂಂ’ ಅಂದರೆ ಸೋಮವಾರದಿಂದ ಬಸ್ಸು. ಎರಡಕ್ಷರವೂ ಇಲ್ಲದ ಮಾತು. ಅದನ್ನು ಹೇಳಲು ಗೆಳತಿಯರು ಹೇಳಿಕೊಟ್ಟಿದ್ದರು, ನಾನೂ ಮೂರು ತಿಂಗಳು ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ.

“ಇಲ್ಲ ಸಾರ್,” ಅಂದೆ. “ಅರ್ಧ ಗಂಟೆ ನಿಂತ್ರೆ ಎದೆ ಹಿಡ್ಕೊಳತ್ತೆ. ನಾನೇ ನೋಡ್ಕೊಂಡು ಬಂದಿದೀನಿ.”

ಅವರು ಆಗ ತಲೆ ಎತ್ತಿದರು. ಲೈಟ್ ಡ್ಯೂಟಿ ಅಂತ ಬರೆದರು, ಸೀಲ್ ಹೊಡೆದರು, ಮುಂದಿನವರನ್ನು ಕರೆದರು. ಒಟ್ಟು ಎರಡು ನಿಮಿಷವೂ ಹಿಡಿಯಲಿಲ್ಲ.

ಗಂಡ ಹೊರಗೆ ಬೇವಿನ ಮರದ ನೆರಳಲ್ಲಿ ಸ್ಕೂಟರಿಗೆ ಒರಗಿ ನಿಂತಿದ್ದರು.

“ಏನಂದ್ರು?”

“ಡಿಪೋದಲ್ಲಿ ಕೂತ್ಕೊ ಅಂದ್ರು.”

“ಒಳ್ಳೇದಾಯ್ತು ಬಿಡು.”

“ಏನ್ರೀ ಒಳ್ಳೇದಾಯ್ತು?” ಅಂದೆ. “ಒಳ್ಳೇದೇನೂ ಆಗಿಲ್ಲ. ನನಗೆ ಬಸ್ ಬೇಕಾಗಿತ್ತು.”

ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯಲ್ಲಿ ಅತ್ತಿರಲಿಲ್ಲ. ಅಲ್ಲಿ, ಡ್ರೈವರ್‌ಗಳು ಕಂಡಕ್ಟರ್‌ಗಳು ಓಡಾಡುವ ಅಂಗಳದಲ್ಲಿ, ಸರ್ಟಿಫಿಕೇಟ್ ಕೈಯಲ್ಲಿ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಗಂಡ ಗಾಬರಿಯಾಗಿ ಹೆಲ್ಮೆಟ್ ಕೆಳಗಿಟ್ಟರು. ಅವರ ಕೈ ನನ್ನ ಬೆನ್ನ ಹತ್ತಿರ ಬಂದು, ಎಲ್ಲಿ ಮುಟ್ಟಬೇಕೋ ತಿಳಿಯದೆ ಹಾಗೇ ನಿಂತಿತು.

“ಅಳ್ಬೇಡ ಕಣೇ. ಎದೆಗೆ ಒಳ್ಳೇದಲ್ಲ.”

“ಏನೂ ಆಗಲ್ಲ,” ಅಂದೆ. “ಎಷ್ಟು ಬೇಕಾದ್ರೂ ಅಳ್ಬೋದಂತೆ. ಡಾಕ್ಟ್ರಮ್ಮನ್ನ ಕೇಳ್ಕೊಂಡೇ ಬಂದಿದೀನಿ.”